ಹುಳಿನ ಮನೆಗೆ ಒದ್ದೆ ಗೋಣಿ, ನನಗೆ ಒಣ ಗಂಟಲು

"ಚೆನ್ನಾಗಿ ನೀರು ಕುಡೀರಿ." ಈ ಮಾತನ್ನು ನನಗೆ ಹೇಳದವರು ಯಾರೂ ಉಳಿದಿಲ್ಲ. ಹಾರೋಹಳ್ಳಿಯ ಡಾಕ್ಟರು ಹೇಳಿದರು, ರಾಮನಗರದಲ್ಲಿ ಸ್ಕ್ಯಾನ್ ಮಾಡಿದವರು ಹೇಳಿದರು, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂತವರೆಲ್ಲ ಹೇಳಿದರು. ಔಷಧಿ ಅಂಗಡಿಯವನು ಮಾತ್ರೆ ಪೊಟ್ಟಣ ಕಟ್ಟುತ್ತಾ ಹೇಳಿದ. ಒಂದು ಮದುವೆಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದ, ಹಿಂದೆ ಮುಂದೆ ಪರಿಚಯವಿಲ್ಲದ ಹೆಂಗಸೊಬ್ಬಳು ಪಾಯಸ ಸುರಿಯುತ್ತಲೇ ಹೇಳಿದಳು. ಹೇಳಿದವರೆಲ್ಲ ಬಾಯಿಯ ವಿಚಾರವನ್ನಷ್ಟೇ ಮಾತಾಡಿದರು. ಕುಡಿದದ್ದು ಹೊರಗೂ ಹೋಗಬೇಕಲ್ಲ, ಅದಕ್ಕೆ ನಿನಗೆ ಜಾಗವಿದೆಯಾ ಎಂದು ಕೇಳಿದವಳು ಒಬ್ಬಳೇ. ಅವಳ ಹೆಸರು ಜಬೀನಾ, ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ಆದದ್ದು ದೊಡ್ಡ ಹೆಸರಿನ ಕಾಯಿಲೆಯೇನಲ್ಲ. ಕಿಡ್ನಿಯಲ್ಲಿ ಕಲ್ಲು. ಹೇಳಿದರೆ ಜನ ನಗುತ್ತಾರೆ, ಬಾಳೆದಿಂಡು ತಿನ್ನು ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಒಂದು ಕಲ್ಲು ನನ್ನ ಎಡಗಡೆಯ ಕಿಡ್ನಿಯನ್ನು ಇನ್ನೇನು ಕಳೆಯುವುದರಲ್ಲಿತ್ತು. ಈಗ ಓಡಾಡಿಕೊಂಡಿದ್ದೇನೆ. ಲೋಟ ಎಣಿಸಿ ಎಣಿಸಿ ನೀರು ಕುಡಿಯುವ ನನ್ನಂಥ ಹೆಂಗಸರು ಎಲ್ಲಾದರೂ ಇದ್ದರೆ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನ್ನ ತವರು ಚನ್ನಪಟ್ಟಣದ ಪಕ್ಕದ ಹೊಂಗನೂರು. ಕೊಟ್ಟಿದ್ದು ಮರಳವಾಡಿ ಕಡೆಯ ಒಂದು ಹಳ್ಳಿಗೆ. ಎರಡೂ ಕಡೆ ರೇಷ್ಮೆಯೇ. ಹುಳ ನನಗೆ ಹೊಸದಲ್ಲ, ಆದರೆ ನಮ್ಮತ್ತೆ ಹೊನ್ನಮ್ಮನ ಹುಳಿನ ಮನೆಯಂಥ ಶಿಸ್ತನ್ನು ನಾನು ಎಲ್ಲೂ ಕಂಡಿರಲಿಲ್ಲ. ಬಾಗಿಲಲ್ಲಿ ಒಂದು ತಟ್ಟೆ ಬ್ಲೀಚಿಂಗ್ ಪೌಡರ್ ನೀರು, ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಕೈಗೆ ಸೋಪು. ಬಯಲ ಕಡೆಗೆ ಹೋಗಿ ಬಂದವರಾದರೆ ಮೈ ತೊಳೆದು ಬೇರೆ ಸೀರೆ ಉಟ್ಟುಕೊಂಡೇ ಸೊಪ್ಪು ಮುಟ್ಟಬೇಕು. ಹೊರಗಿನ ಕೊಳೆ ಒಳಗೆ ಬಂದರೆ ಹುಳಕ್ಕೆ ರೋಗ ಬರುತ್ತದೆ ಎಂಬುದು ನಿಜವೇ. ಅತ್ತೆಯ ಕೈಯಲ್ಲಿ ಬೆಳೆ ಕೆಟ್ಟಿದ್ದೂ ಕಡಿಮೆಯೇ, ಆ ವಿಷಯದಲ್ಲಿ ಅವರನ್ನು ಎತ್ತಿ ಆಡುವ ಹಾಗಿರಲಿಲ್ಲ.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಗೂಡು ಕಟ್ಟುವವರೆಗಿನ ಒಂದು ವಾರ ಬಕಾಸುರನ ವಂಶವೇ ಸರಿ. ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ಆ ವಾರದಲ್ಲಿ ಒಂದು ಸಲ ಬಯಲಿಗೆ ಹೋಗಿ ಬಂದರೆ ಸ್ನಾನ, ಸೀರೆ ಎಂದು ಮುಕ್ಕಾಲು ಗಂಟೆ ಹೋಗುತ್ತಿತ್ತು. ದಿನಕ್ಕೆ ಎಷ್ಟು ಸಲ ಸ್ನಾನ ಮಾಡಲಾದೀತು? ಅದಕ್ಕೆ ಅತ್ತೆ ಕಂಡುಕೊಂಡಿದ್ದ ದಾರಿ ಸುಲಭದ್ದು. ಹೋಗದೇ ಇರುವುದು. ಹೋಗದೇ ಇರಬೇಕಾದರೆ ಕುಡಿಯದೇ ಇರುವುದು. ಬೆಳಿಗ್ಗೆ ಒಂದು ಲೋಟ, ಸಾಯಂಕಾಲದ ಸೊಪ್ಪು ಹಾಕಿದ ಮೇಲೆ ಒಂದು ಚೊಂಬು.

ನಾನು ಬಂದ ಹೊಸತರಲ್ಲಿ ಹಗಲು ಹೊತ್ತು ನೀರಿನ ಬಿಂದಿಗೆ ಹತ್ತಿರ ಹೋದದ್ದನ್ನು ನೋಡಿ ಅವರು ಹೇಳಿದ್ದು ಇಷ್ಟೆ: "ಈಗ್ಲೇ ಹೊಟ್ಟೆ ತುಂಬ ನೀರ್ ಕುಡುದ್ಬುಟ್ರೆ ಹುಳಿನ ಮನೇಲಿ ನಿಲ್ಲಕ್ಕಾದದಾ ಕಣವ್ವ? ಒಸಿ ಬಾಯ್ ಒದ್ದೆ ಮಾಡ್ಕೊ, ಸಾಕು."

ಗದರಲಿಲ್ಲ, ಬಯ್ಯಲಿಲ್ಲ. ಸಾರಿಗೆ ಎಷ್ಟು ಉಪ್ಪು ಎಂದು ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ನಾನೂ ಕಲಿತೆ.

ಇಲ್ಲಿ ನನಗೆ ಇವತ್ತಿಗೂ ಮೈ ಉರಿಯುವ ಸಂಗತಿಯೊಂದಿದೆ. ಹುಳಿನ ಮನೆಯ ಗಾಳಿ ಒಣಗಬಾರದು. ಒಣಗಿದರೆ ಸೊಪ್ಪು ಬಾಡುತ್ತದೆ, ಹುಳ ಮೇವು ಮುಟ್ಟುವುದಿಲ್ಲ. ಅದಕ್ಕೆ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ನೀರು ಹಾಕಿ ಒದ್ದೆ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಸಲ. ಗೋಡೆಯ ಮೇಲೆ ತೇವ ನೋಡುವ ಥರ್ಮಾಮೀಟರು ಬೇರೆ. ಆ ಗೋಣಿಗಳಿಗೆ ನೀರು ಹಾಕುತ್ತಿದ್ದವಳು ನಾನೇ. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಕೈಯಲ್ಲಿ ತುಂಬಿದ ಬಿಂದಿಗೆ ಇರುತ್ತಿತ್ತು. ಒಂದು ಗುಟುಕು ಕುಡಿಯದೆ ಅದನ್ನು ಗೋಣಿಗೆ ಸುರಿದು ಬರುತ್ತಿದ್ದೆ.

ಅದಾದರೂ ಬೆಳೆಗೊಂದು ವಾರದ ಮಾತು. ವರ್ಷ ಪೂರ್ತಿ ಅದೇ ಅಭ್ಯಾಸವಾದದ್ದು ಕಾರ್ಖಾನೆಗಳು ಬಂದ ಮೇಲೆ. ನಮ್ಮೂರ ಹಿಂದೆ ಒಂದು ಹಳ್ಳ, ಹಳ್ಳದ ಎರಡೂ ದಡಕ್ಕೆ ಹೊಂಗೆ, ಲಂಟಾನ ಪೊದೆ. ಗಂಡಸರು ಆ ಕಡೆ ತಲೆ ಹಾಕುತ್ತಿರಲಿಲ್ಲ, ಅದು ಹೆಂಗಸರ ಜಾಗ. ಹಾರೋಹಳ್ಳಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮ ಕಡೆಗೆ ಬಂದವು. ಒಂದು ವಾರದಲ್ಲಿ ಜೆಸಿಬಿ ಹಳ್ಳವನ್ನು ಮಟ್ಟ ಮಾಡಿತು, ಇನ್ನೊಂದು ತಿಂಗಳಲ್ಲಿ ಎತ್ತರದ ಕಾಂಪೌಂಡು ಎದ್ದಿತು, ಪಕ್ಕದಲ್ಲಿ ಟಾರು ರಸ್ತೆ, ಲೈಟು ಕಂಬ, ದಿನಕ್ಕೆ ಮೂರು ಶಿಫ್ಟಿನ ಬಸ್ಸು. ಕಾಂಪೌಂಡಿನ ಮೇಲೆ ಇಲ್ಲಿ ಮೂತ್ರ ಮಾಡಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಸಿದರು. ಊರ ಗಂಡಸರು ಅದನ್ನು ಓದುತ್ತಾ ಅಲ್ಲೇ ನಿಲ್ಲುತ್ತಿದ್ದರು. ನಮಗೆ ಉಳಿದದ್ದು ದೂರದ ಕೆರೆ ಏರಿ. ಅದೂ ಹೊತ್ತು ಹುಟ್ಟುವ ಮುಂಚೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಹಳ್ಳ ಹೋದದ್ದಕ್ಕೆ ಊರಲ್ಲಿ ಪಂಚಾಯ್ತಿ ಸೇರಿತು, ಕಾರ್ಖಾನೆಯಲ್ಲಿ ಕೆಲಸ ಕೊಡಿಸುವ ಮಾತಾಯಿತು, ಮಳೆ ನೀರು ಎಲ್ಲಿ ಹರಿಯಬೇಕು ಎಂದು ಜಗಳವೂ ಆಯಿತು. ಹೆಂಗಸರು ಎಲ್ಲಿಗೆ ಹೋಗಬೇಕು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಾವೂ ಎತ್ತಲಿಲ್ಲ. ಸುಮ್ಮನೆ ನೀರು ಕಡಿಮೆ ಮಾಡಿದೆವು.

ಮೊದಲ ನೋವು ಬಂದಾಗ ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಸೊಪ್ಪಿನ ಹೊರೆ ಇಳಿಸುತ್ತಿದ್ದೆ, ಬೆನ್ನಿನ ಎಡಗಡೆ ಯಾರೋ ಒಳಗಿನಿಂದ ಹಿಂಡಿದ ಹಾಗಾಯಿತು. ನೋವು ಸುತ್ತಿಕೊಂಡು ಮುಂದಕ್ಕೆ, ಕಿಬ್ಬೊಟ್ಟೆಗೆ ಇಳಿಯಿತು. ಕೂತರೂ ಆಗದು, ಮಲಗಿದರೂ ಆಗದು. ಎರಡು ಹೆರಿಗೆ ಮಾಡಿಕೊಂಡವಳು ನಾನು. ಹೆರಿಗೆ ನೋವಿಗೆ ನಡುವೆ ಬಿಡುವಾದರೂ ಇರುತ್ತದೆ. ಅತ್ತೆ ಗ್ಯಾಸು ಎಂದು ಓಮ ಜಗಿಯಲು ಕೊಟ್ಟರು. ಜಗಿದದ್ದೆಲ್ಲ ವಾಂತಿಯಾಯಿತು.

ನಮ್ಮ ಯಜಮಾನರು ರಾಜಣ್ಣ ಸ್ಕೂಟರಿನಲ್ಲಿ ಕೂರಿಸಿಕೊಂಡು ಹಾರೋಹಳ್ಳಿಗೆ ಹೋದರು. ಡಾಕ್ಟರು ಸೂಜಿ ಚುಚ್ಚಿ, ಕಲ್ಲಿರಬಹುದು, ಸ್ಕ್ಯಾನ್ ಮಾಡಿಸಿ, ಚೆನ್ನಾಗಿ ನೀರು ಕುಡೀರಿ ಅಂದರು. ಸೂಜಿಗೆ ನೋವು ಇಳಿಯಿತು. ನೋವು ಇಳಿದದ್ದೇ ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ.

"ಸ್ಕ್ಯಾನು ರಾಮನಗರ್ದಲ್ಲೇ ಚೆನ್ನಾಗಿ ಮಾಡ್ತಾರಂತೆ" ಅಂದರು ಯಜಮಾನರು, ವಾಪಸ್ಸು ಬರುವಾಗ. "ಗೂಡ್ ಬಿಡಿಸಿದ್ಮೇಲೆ ಮಾರ್ಕೆಟ್‌ಗೆ ಹೆಂಗೂ ಹೋಗ್ಬೇಕು. ಅವತ್ತೇ ನೀನೂ ಬಾ. ಒಂದೇ ಓಡಾಟ್ದಲ್ಲಿ ಎರಡ್ ಕೆಲ್ಸ ಆಯ್ತದೆ."

ಆಗ ನನಗೂ ಅದು ಸರಿಯಾಗಿಯೇ ಕಂಡಿತು. ಮೇಯುವ ಹುಳ ಬಿಟ್ಟು ಯಾರಾದರೂ ಆಸ್ಪತ್ರೆಗೆ ಹೋಗಿ ಮಲಗುತ್ತಾರೆಯೇ? ಹತ್ತು ದಿನ ಮಾತ್ರೆ ನುಂಗಿಕೊಂಡು ಹುಳ ಮೇಯಿಸಿದೆ. ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆ, ಗೂಡು ಬಿಡಿಸಿದೆ. ಡಾಕ್ಟರು ಹೇಳಿದ ನೀರನ್ನು ಎಂದಿನಂತೆ ಹೊತ್ತು ಮುಳುಗಿದ ಮೇಲೆ ಕುಡಿದೆ. ಹನ್ನೊಂದನೇ ದಿನ ಟೆಂಪೋದಲ್ಲಿ ಗೂಡಿನ ಚೀಲಗಳ ಜೊತೆ ನನ್ನ ಕಿಡ್ನಿಯೂ ರಾಮನಗರಕ್ಕೆ ಹೊರಟಿತು.

ರಾಮನಗರ ಆಗ ತಾನೇ ಜಿಲ್ಲೆಯಾಗಿತ್ತು. ಯಜಮಾನರು ನನ್ನನ್ನು ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಇಳಿಸಿ ಹರಾಜಿಗೆ ಹೊತ್ತಾಯಿತೆಂದು ಮಾರ್ಕೆಟ್ಟಿಗೆ ಓಡಿದರು. ಕೌಂಟರಿನ ಹುಡುಗಿ ಒಂದು ಲೀಟರ್ ನೀರು ಕುಡಿದು ಕೂರಿ, ತಡೆಯಲಾರದಷ್ಟು ಒತ್ತಡ ಬಂದಾಗ ಹೇಳಿ, ಆಮೇಲೆ ಸ್ಕ್ಯಾನು ಅಂದಳು. ಹಗಲು ಹೊತ್ತಿನಲ್ಲಿ ಎಲ್ಲರೆದುರು ಒಂದು ಲೀಟರ್ ನೀರು. ನನಗೆ ಕಳ್ಳತನ ಮಾಡಿದ ಹಾಗೆ ಅನ್ನಿಸಿತು.

ಕುಡಿದೆ, ಕೂತೆ. ನನಗಿಂತ ಆಮೇಲೆ ಬಂದವರು ಕುಡಿದರು, ಕಾಲು ಕುಣಿಸಿದರು, ಒಳಗೆ ಹೋಗಿ ಬಂದರು. ನನಗೆ ಏನೂ ಇಲ್ಲ. ಇನ್ನೊಂದು ಲೀಟರ್ ಕುಡಿದೆ. ಗಂಟೆ ಕಳೆಯಿತು. ಕೌಂಟರಿನ ಹುಡುಗಿ ಎರಡು ಸಲ "ಇನ್ನೂ ಅರ್ಜೆಂಟ್ ಆಗ್ಲಿಲ್ವಾ ಅಮ್ಮಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ನಾಚಿಕೆಗೆ ನೆಲ ನೋಡುತ್ತಾ ಕೂತೆ.

ಪಕ್ಕದ ಕುರ್ಚಿಯಲ್ಲಿ ಬುರ್ಖಾ ಹಾಕಿದ್ದ ಹೆಂಗಸು ನಾನು ಬಂದಾಗಿನಿಂದ ನೋಡುತ್ತಿದ್ದಳು. ಅವಳೇ ಜಬೀನಾ. ರಾಮನಗರದವಳೇ, ಮನೆಯಲ್ಲಿ ರೀಲಿಂಗ್ ಕೆಲಸ, ಗೂಡು ಬೇಯಿಸಿ ನೂಲು ತೆಗೆಯುವುದು. ಅವಳ ಬೆರಳ ತುದಿಗಳು ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿ ಬಿರಿದಿದ್ದವು. ಅವಳಿಗೂ ಕಲ್ಲು, ಎರಡನೇ ಸಲ.

"ನಿಮ್ದು ಮೈ ಬತ್ತೋಗೈತೆ ಅಕ್ಕಾ" ಅಂದಳು. "ಕುಡ್ದಿದ್ದೆಲ್ಲ ಮೈಯೇ ಎಳ್ಕೊಂತೈತೆ, ಕೆಳಗೆ ಇಳೀತಿಲ್ಲ. ನನ್ಗೂ ಹಂಗೇ ಆಗಿತ್ತು. ಕೈ ದಿನಾ ನೀರಲ್ಲಿ, ಗಂಟಲಿಗೆ ಮಾತ್ರ ಇಲ್ಲ."

ನಾನು ಹುಳ ಮೇಯಿಸುವವಳು ಎಂದೆ. ಅವಳು ನಕ್ಕಳು. "ಹಂಗಾದ್ರೆ ನಿಮ್ಮ ಗೂಡು ನಾನು ಯಾವತ್ತಾದ್ರೂ ಬಿಚ್ಚಿರ್ತೀನಿ." ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಕಕ್ಕಸು ಐತಾ?"

ನನಗೆ ಅಳು ಬಂದುಬಿಟ್ಟಿತು. ನೋವಿಗೆ ಅತ್ತಿರಲಿಲ್ಲ, ಈ ಪ್ರಶ್ನೆಗೆ ಅತ್ತೆ. ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು. "ಡಾಕ್ಟ್ರುಗಳು ಇದನ್ನ ಕೇಳಲ್ಲ" ಎಂದಳು.

ಕೊನೆಗೂ ಸ್ಕ್ಯಾನ್ ಆಯಿತು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಆಡಿಸುತ್ತಿದ್ದ ಡಾಕ್ಟರು ಒಂದು ಕಡೆ ಕೈ ನಿಲ್ಲಿಸಿಬಿಟ್ಟರು. ಎಡಗಡೆ ಕಿಡ್ನಿಯ ಕೆಳಗಿನ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಮೇಲೆ ಕಿಡ್ನಿ ಊದಿಕೊಂಡಿದೆ ಅಂದರು. ಎಷ್ಟು ದಿನದಿಂದ ನೋವು ಎಂದು ಕೇಳಿದರು. ಹತ್ತು ದಿನ ಅಂದೆ.

"ಹತ್ತು ದಿನ ಏನ್ ಮಾಡ್ತಿದ್ರಿ?"

"ಹುಳ ಮೇಯಿಸ್ತಿದ್ದೆ ಸಾರ್."

ಅವರು ನನ್ನ ಮುಖ ನೋಡಿ ರಿಪೋರ್ಟ್ ಬರೆಯತೊಡಗಿದರು. ಇಷ್ಟೆಲ್ಲ ಆಗಿ ಹೊರಗೆ ಬಂದು ಟಾಯ್ಲೆಟ್ಟಿಗೆ ಹೋದರೆ ಬೀಗ. ಬೀಗದ ಕೈ ಇದ್ದ ಆಯಾ ಟೀ ಕುಡಿಯಲು ಹೋಗಿದ್ದಳಂತೆ. ಎರಡು ಲೀಟರ್ ನೀರು ಕುಡಿಸಿ ಬಾಗಿಲಿಗೆ ಬೀಗ ಹಾಕಿದವರ ಬುದ್ಧಿಗೆ ಏನು ಹೇಳಲಿ. ಜಬೀನಾ ಕೌಂಟರು ಗುದ್ದಿ ಗಲಾಟೆ ಮಾಡಿ ಬೀಗ ತೆಗೆಸಿದಳು. ಅವತ್ತಿನ ಮೇಲೆ ಅವಳನ್ನು ನಾನು ನೋಡಿಲ್ಲ.

ಯಜಮಾನರು ಒಳ್ಳೆ ರೇಟು ಸಿಕ್ಕಿತೆಂದು ನಗುನಗುತ್ತಾ ಬಂದರು. ರಿಪೋರ್ಟ್ ಕೊಟ್ಟೆ. ಓದಲು ಬಾರದ ಇಂಗ್ಲಿಷ್ ಕಾಗದವನ್ನು ಅವರು ಹಿಂದೆ ಮುಂದೆ ತಿರುಗಿಸಿದರು. "ಕಿಡ್ನಿ ಊದೈತಂತೆ" ಅಂದೆ. ಅವರ ಮುಖ ಸಪ್ಪಗಾಯಿತು. "ನಂದೇ ತಪ್ಪು ಕಣೆ, ಅವತ್ತೇ ಕರ್ಕಂಡ್ ಬರ್ಬೇಕಿತ್ತು" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಒಳ್ಳೆಯವರಾಗಿದ್ದರೂ ಹತ್ತು ದಿನ ಹೋಗಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಳಗಿನಿಂದಲೇ ಕಲ್ಲು ಪುಡಿ ಮಾಡಿ ತೆಗೆದರು. ನಾಳ ಮುಚ್ಚಿಕೊಳ್ಳದ ಹಾಗೆ ಒಳಗೊಂದು ತೆಳ್ಳನೆಯ ಪೈಪು ಇಟ್ಟರು, ಆರು ವಾರ ಬಿಟ್ಟು ತೆಗೆಯುವುದೆಂದರು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಈ ಕಿಡ್ನಿ ಸೋತಿದೆ, ಇನ್ನೊಂದು ಸಲ ಹೀಗೆ ಕಟ್ಟಿಕೊಂಡರೆ ಉಳಿಸುವ ಭರವಸೆ ಕೊಡಲಾರೆ. ದಿನಕ್ಕೆ ಮೂರು ಲೀಟರ್ ನೀರು. ಪೈಪು ಇರುವವರೆಗೆ ಪದೇ ಪದೇ ಅವಸರವಾಗುತ್ತದೆ, ಉರಿಯುತ್ತದೆ, ಒಂದು ಸಲವೂ ತಡೆದುಕೊಳ್ಳಬಾರದು. "ಏನಾದರೂ ಕೇಳೋದಿದೆಯಾ?" ಎಂದರು. ಸುತ್ತ ಕಲಿಯುವ ಡಾಕ್ಟರು ಹುಡುಗರು ನಿಂತಿದ್ದರು. ಇಲ್ಲ ಮೇಡಂ ಎಂದೆ. ಆ ಇಲ್ಲ ಮೇಡಂ ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅಲ್ಲಿಂದ ಸೀದಾ ಹೊಂಗನೂರಿಗೆ ಹೋದೆ. ಅಣ್ಣ ಹೊಸ ಮನೆ ಕಟ್ಟುವಾಗ ಹಿತ್ತಲಲ್ಲಿ ಕಕ್ಕಸು ಕಟ್ಟಿಸಿದ್ದ. ತಗಡಿನ ಬಾಗಿಲು, ಒಂದು ಬಕೆಟ್ಟು, ಒಂದು ಮಗ್ಗು. ಎರಡು ವಾರ ಮನಸಾರೆ ನೀರು ಕುಡಿದೆ. ಉರಿ ಇತ್ತು, ರಕ್ತವೂ ಹೋಗುತ್ತಿತ್ತು, ಆದರೂ ನಾನು ನೆಮ್ಮದಿಯಾಗಿದ್ದೆ. ಬಾಯಾರಿದಾಗ ಕುಡಿಯುವುದು ಇಷ್ಟು ಸುಖ ಎಂದು ಮರೆತೇ ಹೋಗಿತ್ತು. ಅಷ್ಟರಲ್ಲಿ ಊರಿಂದ ಫೋನು ಬಂತು. ಹೊಸ ಬೆಳೆಗೆ ಚಾಕಿ ಮರಿಹುಳ ಬಂದಿವೆ, ಅತ್ತೆ ಒಬ್ಬರಿಗೇ ಆಗುತ್ತಿಲ್ಲ. ಹೊರಟೆ.

ಮನೆಯಲ್ಲಿ ನನಗೆಂದು ದೊಡ್ಡ ಸ್ಟೀಲ್ ಬಿಂದಿಗೆ ತಂದಿಟ್ಟಿದ್ದರು. ಪಕ್ಕದ ಮನೆಯವರು ಬಾಳೆದಿಂಡಿನ ರಸ ಕಳಿಸಿದರು, ಎದುರು ಮನೆಯವರು ಹುರುಳಿಕಟ್ಟು ಕಳಿಸಿದರು. ಬಂದವರೆಲ್ಲ ಬಿಂದಿಗೆಯ ಮುಚ್ಚಳ ತೆಗೆದು ಎಷ್ಟು ಇಳಿದಿದೆ ಎಂದು ನೋಡುವರು. ಯಜಮಾನರು ಹೊಲದಿಂದ ಬಂದವರೇ ಮೊದಲು ಬಿಂದಿಗೆ ಇಣುಕುವರು.

"ಇದೇನ್ ಬೆಳಗ್ಗಿಂದ ಹಂಗೇ ಐತಲ್ಲ. ಕುಡಿಯಕ್ಕೂ ಬೇಜಾರಾ ನಿಂಗೆ? ಅಷ್ಟು ದೊಡ್ಡ ಡಾಕ್ಟ್ರು ಹೇಳವ್ರೆ."

"ಕುಡೀತೀನಿ. ಹೋಗೋದೆಲ್ಲಿ?"

ಅವರಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಅಂದರು. ನಾನು ಕಾಂಪೌಂಡಿನ ಕಡೆ ಕೈ ತೋರಿಸಿದೆ. ಅವರು ಕಾಂಪೌಂಡು ನೋಡಿದರು, ರಸ್ತೆ ನೋಡಿದರು, ನನ್ನನ್ನು ನೋಡಿದರು. "ಅಲ್ಲ, ಇಷ್ಟ್ ದಿನ ಎಲ್ಲಿಗ್ ಹೋಗ್ತಿದ್ರಿ ನೀವೆಲ್ಲ?"

ಹದಿನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದವರು. ಹುಳ ಯಾವಾಗ ಹಿಕ್ಕೆ ಹಾಕುತ್ತದೆ, ಅದರ ಬಣ್ಣ ಏನು, ಗಟ್ಟಿಯೋ ತೆಳುವೋ ಎಲ್ಲ ಗೊತ್ತು ಅವರಿಗೆ. ಇದು ಗೊತ್ತಿರಲಿಲ್ಲ. ಏರಿಗೆ ಹೋಗುತ್ತಿದ್ದೆವು ಅಂದೆ. "ಒಸಿ ದಿನ ಹಂಗೇ ನೋಡ್ಕೊ, ಈ ಬೆಳೆ ಆಗ್ಲಿ, ಏನಾರ ಮಾಡಣ" ಅಂದರು.

ಆ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಾಗ ನನ್ನೊಳಗೆ ಪೈಪು ಇನ್ನೂ ಇತ್ತು. ಅರ್ಧ ಗಂಟೆಗೊಮ್ಮೆ ಅವಸರ. ಒಂದು ಮಧ್ಯಾಹ್ನ ಸೊಪ್ಪು ಹಾಕುತ್ತಿದ್ದವಳು ತಡೆಯಲಾರದೆ ಎದ್ದು ಏರಿಯ ಕಡೆ ಓಡಿದೆ. ಶಿಫ್ಟ್ ಬಿಡುವ ಹೊತ್ತು. ರಸ್ತೆಗೆ ಅಡ್ಡವಾಗಿ ಕಾರ್ಖಾನೆಯ ಬಸ್ಸು ನಿಂತಿತ್ತು, ಕೆಲಸಗಾರರು ಸಾಲಾಗಿ ಹತ್ತುತ್ತಿದ್ದರು. ದಾಟಲು ಜಾಗ ಸಿಗಲಿಲ್ಲ. ಅಲ್ಲೇ, ರಸ್ತೆ ಬದಿಯಲ್ಲಿ, ಅಷ್ಟು ಜನರ ಮುಂದೆ ಸೀರೆ ಒದ್ದೆಯಾಯಿತು. ಯಾರೂ ನಗಲಿಲ್ಲ. ಒಬ್ಬ ಹುಡುಗಿ ಮುಖ ಆ ಕಡೆ ತಿರುಗಿಸಿದಳು. ಮೂವತ್ತಾರು ವರ್ಷದ, ಎರಡು ಮಕ್ಕಳ ತಾಯಿ ನಾನು. ಸತ್ತರೆ ಸಾಕು ಅನ್ನಿಸಿತು.

ತಿರುಗಿ ಬಂದೆ. ಹುಳಿನ ಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನ ಸೀರೆ ನೋಡಿದರು. "ಸ್ನಾನ ಮಾಡ್ಕಂಡ್ ಬಾ ಕಣವ್ವ, ಹುಳ ಹಸ್ಕಂಡವೆ" ಅಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ಸ್ನಾನಕ್ಕೆ ಹೋಗಲಿಲ್ಲ. ಹೊರಗಿನಿಂದಲೇ ಕಿಟಕಿ ಕಿಟಕಿಗೂ ಹೋಗಿ, ಬೆಳಿಗ್ಗೆ ನಾನೇ ಒದ್ದೆ ಮಾಡಿದ್ದ ಗೋಣಿಗಳನ್ನೆಲ್ಲ ಕಿತ್ತು ಅಂಗಳಕ್ಕೆ ಹಾಕಿದೆ. ಬಿಸಿಲ ಗಾಳಿ ಒಳಗೆ ನುಗ್ಗಿತು. ಅತ್ತೆ ಎದೆ ಹಿಡಿದುಕೊಂಡರು.

"ಏನಾಯ್ತೆ ನಿಂಗೆ? ಹುಳ ಸಾಯ್ತವೆ."

"ಸಾಯ್ಲಿ ಅತ್ತೆ. ಹುಳಕ್ಕೆ ಗಾಳಿ ಒಣಗ್ಬಾರ್ದು, ಸೊಪ್ಪು ಬಾಡ್ಬಾರ್ದು. ನಾನ್ ಒಣಗ್ಬೋದಾ? ನಂಗೊಂದು ಜಾಗ ಆಗೋವರ್ಗೂ ಈ ಗೋಣಿಗೆ ನಾನು ನೀರ್ ಹಾಕಲ್ಲ. ಹಾಕಕ್ಕೂ ಬಿಡಲ್ಲ."

ಗೋಣಿ ರಾಶಿಯ ಮೇಲೇ ಕೂತುಬಿಟ್ಟೆ, ಒದ್ದೆ ಸೀರೆಯಲ್ಲೇ. ಸುದ್ದಿ ತಿಳಿದು ಯಜಮಾನರು ಹೊಲದಿಂದ ಓಡಿ ಬಂದರು. ಮೊದಲು ರೇಗಿದರು, ಆಮೇಲೆ ಸೀರೆ ನೋಡಿ ಜಾಗ ಹುಡುಕಲು ಹೊರಟರು. ಕಕ್ಕಸು ಕಟ್ಟಲು ಇದ್ದ ಜಾಗ ಒಂದೇ, ಹುಳಿನ ಮನೆಯ ಹಿಂದೆ. ಎರಡನೇ ಹುಳಿನ ಮನೆ ಕಟ್ಟಲು ತಂದ ಇಟ್ಟಿಗೆ ಅಲ್ಲೇ ಪೇರಿಸಿತ್ತು. ಅತ್ತೆ ಒಪ್ಪಲಿಲ್ಲ. "ಹುಳಿನ್ ಮನೆ ಮಗ್ಗಲಿಗೆ ಕಕ್ಕಸಾ? ವಾಸ್ನೆಗೇ ಹುಳ ಬಾಯ್ ಬಿಡ್ತವೆ. ನಾವೆಲ್ಲ ಬಾಳಿಲ್ವಾ?" ಅಂದರು. ಯಜಮಾನರು ಅವರ ಮುಖ ನೋಡದೆ "ಅವ್ವ, ಹುಳ ಹೋದ್ರೆ ಇನ್ನೊಂದ್ ಬೆಳೆ ತರ್ಬೋದು" ಎಂದು ಗುದ್ದಲಿ ತೆಗೆದುಕೊಂಡರು. ಅವರು ಮೊದಲ ಗುದ್ದಲಿ ಮಣ್ಣು ತೆಗೆದ ಮೇಲೆ ನಾನು ಎದ್ದು ಸ್ನಾನ ಮಾಡಿ, ಗೋಣಿ ಒದ್ದೆ ಮಾಡಿ ಕಟ್ಟಿದೆ.

ಗುಂಡಿಯಾಗಿ, ಸುತ್ತ ನಾಲ್ಕು ಗಳ ನೆಟ್ಟು ತಾಟು ಕಟ್ಟಿದ ಮೇಲೆ ನನ್ನ ಹಗಲು ನನಗೆ ಸಿಕ್ಕಿತು. ಇಟ್ಟಿಗೆ ಗೋಡೆ, ತಗಡಿನ ಬಾಗಿಲು ನಿಧಾನಕ್ಕೆ ಬಂದವು. ಆ ಬೆಳೆ ಎಂದಿನಂತೆಯೇ ಆಯಿತು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಅತ್ತೆ ಅದಕ್ಕೆ ತಾವು ಸುತ್ತಲೂ ಎರಚಿದ ಬ್ಲೀಚಿಂಗ್ ಪೌಡರೇ ಕಾರಣ ಅಂದರು. ಅವರು ಮಾತ್ರ ಏರಿಗೇ ಹೋಗುತ್ತಿದ್ದರು.

ಪೈಪು ತೆಗೆಸಿದೆ. ಎಡಗಡೆಯ ಕಿಡ್ನಿ ಉಳಿಯಿತು, ಆದರೆ ಮೊದಲಿನ ಕಸುವು ಅದಕ್ಕೆ ಬರುವುದಿಲ್ಲವಂತೆ. ಹತ್ತು ದಿನ ಮುಂಚೆ ಬಂದಿದ್ದರೆ ಎಂದು ಡಾಕ್ಟರಮ್ಮ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಈ ಸಲ ಅವರು ಕೇಳುವ ಮುಂಚೆಯೇ ನಾನು ಹೇಳಿದೆ: "ಮೇಡಂ, ಹಳ್ಳಿ ಹೆಂಗಸ್ರಿಗೆ ನೀರು ಕುಡೀರಿ ಅನ್ನೋಕ್ ಮುಂಚೆ ಮನೇಲಿ ಕಕ್ಕಸು ಇದ್ಯಾ ಅಂತ ಕೇಳಿ." ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕೇಳುತ್ತೇನೆ ಅಂದರು. ಕೇಳುತ್ತಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಇನ್ನು ಹೇಳಬೇಕಾದ್ದು ಅದರ ಮುಂದಿನ ಬೆಳೆಯ ಮಾತು. ನಾಲ್ಕನೇ ಜ್ವರ ಎದ್ದು ಮೂರನೇ ದಿನ, ಉರಿ ಬಿಸಿಲು. ನಾನೂ ಅತ್ತೆಯೂ ಎದುರು ಬದುರು ನಿಂತು ಸೊಪ್ಪು ಹಾಕುತ್ತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹಿಂದುಗಡೆ ತಗಡಿನ ಬಾಗಿಲ ಸದ್ದಾಯಿತು. ನಾನು ತಲೆ ಎತ್ತಲಿಲ್ಲ. ಅವರು ಮೈ ತೊಳೆದು, ಬೇರೆ ಸೀರೆ ಉಟ್ಟು, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟು ಒಳಗೆ ಬಂದರು.

"ಅಲ್ಲಿ ಚಿಲಕ ಸರ್ಯಾಗಿ ಬೀಳಕಿಲ್ಲ. ನಿನ್ ಗಂಡಂಗೆ ಹೇಳು."

"ಹೇಳ್ತೀನಿ."

ಒಂದು ಸಾಲು ಸೊಪ್ಪು ಹಾಕಿ ಮುಗಿಸಿದರು. ಆಮೇಲೆ ಹುಳದ ಕಡೆಗೇ ನೋಡುತ್ತಾ ಅಂದರು. "ನಂಗೂ ಅಲ್ಲೇ ನೋಯ್ತಿತ್ತು ಕಣವ್ವ. ಎಡಗಡೆಯೇ. ಉರಿನೂವೆ. ನಿನ್ ಗಂಡ ಹುಟ್ಟೋಕ್ ಮುಂಚಿಂದ. ಹುಳ ಮೇಯ್ಸೋ ಹೆಂಗಸ್ರಿಗೆಲ್ಲ ಇರ್ತದೆ ಅನ್ಕಂಡಿದ್ದೆ."

ನನಗೆ ಕೋಪ ಉಕ್ಕಿ ಬಂತು. ಇಷ್ಟು ವರ್ಷ ಬಾಯಿ ಬಿಡದ ಅವರ ಮೇಲೋ, ಕೇಳದ ನಮ್ಮ ಮೇಲೋ ತಿಳಿಯಲಿಲ್ಲ. ಏನಾದರೂ ಅಂದೇಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ಒಂದ್ ಚೊಂಬು ನೀರ್ ಕೊಡು."

ತಂದುಕೊಟ್ಟೆ. ಹುಳಿನ ಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಖಾಲಿ ಚೊಂಬನ್ನು ಮತ್ತೆ ನನ್ನ ಕಡೆ ಚಾಚಿದರು. ಹೊರಗೆ ಇನ್ನೂ ಮಟಮಟ ಮಧ್ಯಾಹ್ನ.